ಇರುವ ಪುಟ ಮೊದಲು ಕಾಣಲಿ

ಮಾಸ್ತರರು: ತಂಗೀ, ನಿನ್ನೆ ಯಾವುದೋ ಕಂಪನಿಯವರು ಫೋನ್ ಮಾಡಿದ್ದರು. ನಮ್ಮ ಭತ್ತದ ತಳಿಗಳ ಜಾಲತಾಣವನ್ನು ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತಾರಂತೆ. ದುಡ್ಡು ಮಾತ್ರ ಮುಂಗಡ ಕೊಡಬೇಕು. ನೀನು ಇದೇ ಕೆಲಸದಲ್ಲಿ ಇರುವವಳು, ಏನು ಮಾಡಲಿ ಹೇಳು.

ಶಿಷ್ಯೆ: ಕೊಡಬೇಡಿ ಮಾಸ್ತರ್ರೇ. ಮೊದಲ ಸ್ಥಾನದ ಖಾತ್ರಿ ಯಾರೂ ಕೊಡಲಾರರು ಎಂದು ಗೂಗಲ್‌ನವರೇ ತಮ್ಮ ಮಾರ್ಗಸೂಚಿಯಲ್ಲಿ ಬರೆದಿದ್ದಾರೆ. ಹೇಗೆ ತರುತ್ತೀರಿ ಎಂದು ಕೇಳಿದಿರಾ?

ಮಾಸ್ತರರು: ಕೇಳದೆ ಬಿಡುತ್ತೇನೆಯೇ? ನೂರಾರು ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಲಿಂಕ್ ಹಾಕಿಸುತ್ತಾರಂತೆ. ಆಮೇಲೆ ಪ್ರತಿ ಪುಟದ ಹಿಂದೆ ಕಣ್ಣಿಗೆ ಕಾಣದ ಹಾಗೆ ಕೀವರ್ಡ್ ತುಂಬಿಸುತ್ತಾರಂತೆ.

ಶಿಷ್ಯೆ: ಎರಡೂ ಹಳೆಯ ಕಸುಬು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಒಂದು ಪುಟದ ತೂಕವನ್ನು ಅದಕ್ಕೆ ಬಂದಿರುವ ಲಿಂಕುಗಳಿಂದ ಅಳೆಯುವ ಲೆಕ್ಕ ಮುಂದಿಟ್ಟರು. ಒಳ್ಳೆಯ ಪುಟಗಳು ಯಾವ ಪುಟವನ್ನು ತೋರಿಸುತ್ತವೆಯೋ ಅದೂ ಒಳ್ಳೆಯದಿರಬೇಕು ಎಂಬ ತರ್ಕ ಅದು. ಲಿಂಕಿಗೆ ಬೆಲೆ ಬಂದದ್ದೇ ತಡ, ಲಿಂಕು ಮಾರುವವರು ಹುಟ್ಟಿಕೊಂಡರು. 2012ರ ಏಪ್ರಿಲ್‌ನಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಬದಲಾವಣೆ ತಂದು, ಹಾಗೆ ಕೊಂಡ ಲಿಂಕುಗಳ ಬಲದಲ್ಲಿ ಮೇಲೆ ಬಂದಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. ಪುಟದ ಹಿಂದೆ ತುಂಬುವ ಕೀವರ್ಡ್‌ಗಳನ್ನಂತೂ ನಾವು ನೋಡುವುದೇ ಇಲ್ಲ ಎಂದು 2009ರಲ್ಲೇ ಹೇಳಿಬಿಟ್ಟಿದೆ. ನಿಮ್ಮ ದುಡ್ಡೂ ಹೋಗುತ್ತದೆ, ತಾಣದ ಹೆಸರೂ ಕೆಡುತ್ತದೆ.

ಮಾಸ್ತರರು: ಹಾಗಾದರೆ ದಾರಿ ಯಾವುದು? ನನಗೆ ಲಕ್ಷಗಟ್ಟಲೆ ಜನ ಬರಬೇಕೆಂಬ ಆಸೆಯಿಲ್ಲ. ಅಘನಾಶಿನಿ ಅಳಿವೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಬೆಳೆಯುವವರು ಈಗ ಎಷ್ಟು ಕಡಿಮೆ ನಿನಗೇ ಗೊತ್ತು. ಉಪ್ಪುನೀರು ತಡೆದುಕೊಳ್ಳುವ, ನೆರೆಯಲ್ಲಿ ಮುಳುಗಿದರೂ ಏಳುವ ಭತ್ತ ಅದು. ಕರಿ ಕಗ್ಗ ಯಾವುದು, ಬಿಳಿ ಕಗ್ಗ ಯಾವುದು, ಬೀಜ ಹೇಗೆ ಇಡಬೇಕು ಎಂದು ಹಿರಿಯರು ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಬೇಕಾದವನಿಗೆ ಅದು ಸಿಗಬೇಕು, ಅಷ್ಟೆ.

ಶಿಷ್ಯೆ: ಬೇಕಾದವನಿಗೆ ಸಿಗುತ್ತದೆಯೇ ಎಂದು ಈಗಲೇ ನೋಡಿಬಿಡೋಣ. ನಿಮ್ಮ ಮೊಬೈಲಿನಲ್ಲಿ 'ಕಗ್ಗ' ಎಂದು ಹುಡುಕಿ.

ಮಾಸ್ತರರು: ಡಿವಿಜಿಯವರ ಮಂಕುತಿಮ್ಮ ಬಂದ. ಬರಲೇಬೇಕಲ್ಲ.

ಶಿಷ್ಯೆ: ಬರಲೇಬೇಕು. ಆ ಒಂದೇ ಪದದಲ್ಲಿ ನೀವು ಮಂಕುತಿಮ್ಮನ ಜೊತೆ ಪೈಪೋಟಿಗೆ ಇಳಿಯುವ ಅಗತ್ಯವೂ ಇಲ್ಲ. ಈಗ 'ಕಗ್ಗ ಭತ್ತ' ಎಂದು ಹುಡುಕಿ.

ಮಾಸ್ತರರು: ಪತ್ರಿಕೆಗಳ ಸುದ್ದಿ ಇದೆ, ಒಂದೆರಡು ವಿಡಿಯೊ ಇದೆ. ನಮ್ಮದು ಇಲ್ಲ. ಕೆಳಗೆ ಹೋದರೂ ಇಲ್ಲ. ಇದೇ ನೋಡು ನನ್ನ ಸಂಕಟ.

ಶಿಷ್ಯೆ: ನಿಮ್ಮ ಕಗ್ಗದ ಪುಟವನ್ನು ಈ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತೇನೆ. ಕನ್ನಡ ಚೆನ್ನಾಗಿಯೇ ಕಾಣುತ್ತಿದೆ, ಅಲ್ಲವೇ? ಈಗ ಒಂದು ಸಾಲು ಕಾಪಿ ಮಾಡಿ ಖಾಲಿ ಕಡತದಲ್ಲಿ ಅಂಟಿಸುತ್ತೇನೆ, ನೋಡಿ.

ಮಾಸ್ತರರು: ಇದೇನಿದು! ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು.

ಶಿಷ್ಯೆ: ಆ ಪೌಂಡು ನಿಮ್ಮ 'ನ'. ಇಂಗ್ಲಿಷಿನ 'ಪಿ' ಅಕ್ಷರ ಕಾಣುತ್ತಿದೆಯಲ್ಲ, ಅದು 'ಕ'. ಈ ಪುಟವನ್ನು ನೀವು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೀರಿ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತದೆ. ನಮ್ಮ ಕಣ್ಣಿಗೆ ಕನ್ನಡ, ಒಳಗಿರುವುದು ಬೇರೆ. ಹುಡುಕುವ ಯಂತ್ರ ಓದುವುದು ಒಳಗಿರುವುದನ್ನು. ನಿಮ್ಮ ಪುಟದಲ್ಲಿ 'ಕಗ್ಗ' ಎಂಬ ಪದ ಅದರ ಪಾಲಿಗೆ ಒಮ್ಮೆಯೂ ಬಂದಿಲ್ಲ. 'ಭತ್ತ' ಎಂಬುದೂ ಇಲ್ಲ.

ಮಾಸ್ತರರು: ಇಷ್ಟು ವರ್ಷ ಇಟ್ಟದ್ದು ಯಾರಿಗೂ ಕಾಣುತ್ತಲೇ ಇರಲಿಲ್ಲವೇ?

ಶಿಷ್ಯೆ: ವಿಳಾಸ ಗೊತ್ತಿದ್ದು ನೇರವಾಗಿ ಬಂದವರಿಗೆ ಕಾಣುತ್ತಿತ್ತು. ಹುಡುಕಿಕೊಂಡು ಬರುವವರಿಗೆ ಇಲ್ಲ. ಇದು ನಿಮ್ಮೊಬ್ಬರದೇ ಕಥೆಯಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಓದುವಂತಾಗಲು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು. ಡಿಟಿಪಿ ಅಂಗಡಿಗಳಂತೂ ಆಮೇಲೂ ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಹಾಗಾಗಿ ಕನ್ನಡದ ಎಷ್ಟೋ ಒಳ್ಳೆಯ ಬರಹ ಅಂತರಜಾಲದಲ್ಲಿ ಇದ್ದೂ ಇಲ್ಲದಂತೆ ಬಿದ್ದಿದೆ. ಇನ್ನೊಂದು ದೊಡ್ಡ ರಾಶಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿದೆ. ಅದೂ ಒಳಗೆ ಬರೀ ಚಿತ್ರ.

ಮಾಸ್ತರರು: ಪರಿವರ್ತಿಸಲು ಬರುತ್ತದೆಯೇ, ಮತ್ತೆ ಮೊದಲಿನಿಂದ ಟೈಪ್ ಮಾಡಿಸಬೇಕೇ?

ಶಿಷ್ಯೆ: ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಪರಿವರ್ತಿಸಿ ಹಾಗೆಯೇ ಏರಿಸಬೇಡಿ. ಅರ್ಕಾವೊತ್ತು ಜಾಗ ತಪ್ಪುತ್ತದೆ, ದೀರ್ಘ ಕಳಚಿಕೊಳ್ಳುತ್ತದೆ, ಎರಡು ಒತ್ತಕ್ಷರ ಸೇರಿದಲ್ಲಿ ಕಲಸುಮೇಲೋಗರವಾಗುತ್ತದೆ. ನೀವು ಕೂತು ಒಂದೊಂದು ಪುಟವನ್ನೂ ಕರಡು ತಿದ್ದಿದ ಹಾಗೆ ತಿದ್ದಬೇಕು. ಬೇಸರದ ಕೆಲಸ ನಿಜ, ಆದರೆ ಈ ತಾಣಕ್ಕೆ ಓದುಗರನ್ನು ತರುವ ಎಲ್ಲ ಕೆಲಸಗಳಿಗಿಂತ ದೊಡ್ಡದು ಇದೇ. ಹೊಸದಾಗಿ ಒಂದಕ್ಷರ ಬರೆಯದಿದ್ದರೂ ನಡೆಯುತ್ತದೆ, ಇದನ್ನು ಮಾತ್ರ ಮುಗಿಸಿ.

ಮಾಸ್ತರರು: ತಿದ್ದುವ ಕೆಲಸಕ್ಕೆ ನಾನು ಹೆದರುವವನಲ್ಲ. ಆಮೇಲೆ?

ಶಿಷ್ಯೆ: ಆಮೇಲೆ ಶೀರ್ಷಿಕೆ. ಬ್ರೌಸರಿನ ತುದಿಯಲ್ಲಿ, ಟ್ಯಾಬಿನ ಮೇಲೆ ಏನಿದೆ ನೋಡಿ. 'ಸ್ವಾಗತ'. ರಾಜಮುಡಿಯ ಪುಟಕ್ಕೆ ಹೋದರೂ 'ಸ್ವಾಗತ', ಗಂಧಸಾಲೆಗೆ ಹೋದರೂ 'ಸ್ವಾಗತ'. ಹುಡುಕಿದಾಗ ಫಲಿತಾಂಶದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಹೆಚ್ಚಾಗಿ ಇದೇ ಸಾಲು. 'ಕಗ್ಗ ಭತ್ತ: ಗಜನಿ ಗದ್ದೆಯಲ್ಲಿ ಬಿತ್ತನೆ ಮತ್ತು ಬೀಜ ಸಂಗ್ರಹ' ಎಂದಿದ್ದರೆ ರೈತ ಒತ್ತುತ್ತಾನೆ. 'ಸ್ವಾಗತ' ಎಂದಿದ್ದರೆ ಯಾಕೆ ಒತ್ತಬೇಕು?

ಮಾಸ್ತರರು: ಆ ಲೇಖನಕ್ಕೆ ನಾನು 'ಕಡಲು ಕಲಿಸಿದ ಬೇಸಾಯ' ಎಂದು ಹೆಸರಿಟ್ಟಿದ್ದೆ. ಅದನ್ನು ತೆಗೆಯಬೇಕೆಂದರೆ ನನಗೆ ಒಪ್ಪಿಗೆಯಿಲ್ಲ ತಂಗೀ. ಎಲ್ಲವನ್ನೂ ಯಂತ್ರಕ್ಕಾಗಿ ಬರೆಯತೊಡಗಿದರೆ ನಾಳೆ ಕನ್ನಡ ಗದ್ಯ ಅನ್ನುವುದೇ ಉಳಿಯುವುದಿಲ್ಲ. ಎಲ್ಲ ಲೇಖನಗಳೂ 'ಭತ್ತ ಬೆಳೆಯಲು ಹತ್ತು ಸಲಹೆಗಳು' ಆಗಿಬಿಡುತ್ತವೆ. ನಾನು ಹಿರಿಯರ ಮಾತನ್ನು ಅವರು ಆಡಿದ ಓಟದಲ್ಲೇ ಬರೆದಿದ್ದೇನೆ. ಅದರಲ್ಲಿ ಬೀಜದ ವಿಷಯ ಹೇಳುತ್ತ ಹೇಳುತ್ತ ಮಗಳ ಮದುವೆಯ ಮಾತು ಬರುತ್ತದೆ, ಸೀಗಡಿಯ ಮಾತು ಬರುತ್ತದೆ. ಅದನ್ನು ಕತ್ತರಿಸಿ ಚೂರು ಮಾಡಲಾರೆ.

ಶಿಷ್ಯೆ: ಕತ್ತರಿಸಿ ಎಂದು ನಾನೂ ಹೇಳುವುದಿಲ್ಲ. ಆ ಓಟವೇ ನಿಮ್ಮ ತಾಣದ ಜೀವ. ಬೇರೆಲ್ಲೂ ಸಿಗದ್ದು ಅದು. ಹೆಸರು ಪುಟದ ಒಳಗೆ ದೊಡ್ಡದಾಗಿ ಹಾಗೇ ಇರಲಿ. ಟ್ಯಾಬಿನ ಮೇಲಿನ ಸಾಲು ಮಾತ್ರ ಬೇರೆ ಇರಲಿ. ಲೇಖನದ ಮೊದಲಲ್ಲಿ ಒಂದೇ ಒಂದು ಪ್ಯಾರಾ ಸೇರಿಸಿ: ಇದು ಯಾವ ತಳಿ, ಎಲ್ಲಿ ಬೆಳೆಯುತ್ತದೆ, ಈ ಬರಹದಲ್ಲಿ ಏನೇನಿದೆ ಎಂದು. ಉಳಿದದ್ದನ್ನು ಮುಟ್ಟಬೇಡಿ. ನೀವು ಹೇಳಿದ 'ಹತ್ತು ಸಲಹೆ' ಮಾದರಿಯ ಪುಟಗಳನ್ನು ರಾಶಿ ರಾಶಿಯಾಗಿ ಮಾಡಿ ಸುರಿಯುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ಕೂಡ ದುರುಪಯೋಗ ಎಂದೇ ಪರಿಗಣಿಸುತ್ತಿದೆ.

ಮಾಸ್ತರರು: ಅಷ್ಟಾದರೆ ಒಪ್ಪಿದೆ. ಮೊದಲಿಗೊಂದು ಪ್ಯಾರಾ ಬರೆಯುವುದು ಓದುಗರಿಗೂ ಮರ್ಯಾದೆಯೇ.

ಶಿಷ್ಯೆ: ಆ ಪ್ಯಾರಾದಲ್ಲಿ ಜನ ಬಳಸುವ ಮಾತುಗಳಿರಲಿ. ನೀವು 'ಲವಣ ಸಹಿಷ್ಣು ತಳಿ' ಎಂದು ಬರೆದಿದ್ದೀರಿ. ಗದ್ದೆಗೆ ಉಪ್ಪುನೀರು ನುಗ್ಗಿದವನು ಹಾಗೆ ಹುಡುಕುವುದಿಲ್ಲ. 'ಉಪ್ಪು ನೀರಿನಲ್ಲಿ ಬೆಳೆಯುವ ಭತ್ತ' ಎನ್ನುತ್ತಾನೆ. ಕೆಲವರು 'ಬತ್ತ' ಎಂದು ಅಲ್ಪಪ್ರಾಣದಲ್ಲಿ ಬರೆಯುತ್ತಾರೆ. ಇನ್ನು ಎಷ್ಟೋ ಜನ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ. ಹಾಗೆಂದು ಎಲ್ಲ ರೂಪಗಳನ್ನೂ ಸಾಲಾಗಿ ತುಂಬುವುದು ಬೇಡ. ತಳಿಯ ಹೆಸರನ್ನು ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟರೆ ಸಾಕು.

ಮಾಸ್ತರರು: ಜನ ಏನೆಂದು ಹುಡುಕುತ್ತಾರೆ ಅನ್ನುವುದು ನಮಗೆ ತಿಳಿಯುವುದು ಹೇಗೆ?

ಶಿಷ್ಯೆ: ಗೂಗಲ್ ಸರ್ಚ್ ಕನ್ಸೋಲ್ ಎಂದಿದೆ, ಉಚಿತ. ತಾಣ ನಿಮ್ಮದೇ ಎಂದು ಒಮ್ಮೆ ರುಜುವಾತು ಕೊಟ್ಟು, ಪುಟಗಳ ಪಟ್ಟಿಯಿರುವ ಸೈಟ್‌ಮ್ಯಾಪ್ ಕಡತವನ್ನು ಒಪ್ಪಿಸಿದರಾಯಿತು. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು, ಯಾವ ಪುಟ ಪಟ್ಟಿಗೆ ಸೇರಲೇ ಇಲ್ಲ, ಯಾಕೆ ಸೇರಲಿಲ್ಲ, ಎಲ್ಲ ಅದರಲ್ಲಿರುತ್ತದೆ. ಮುಖಪುಟದ ತಳದಲ್ಲಿ ತಿರುಗುತ್ತಿರುವ ಆ ಭೇಟಿಗಳ ಲೆಕ್ಕದ ಮೀಟರ್ ಮಾತ್ರ ತೆಗೆದುಹಾಕಿ. ಅದು ಮನುಷ್ಯರನ್ನೂ ಎಣಿಸುತ್ತದೆ, ಪುಟ ಓದಿಕೊಂಡು ಹೋಗುವ ಯಂತ್ರಗಳನ್ನೂ ಎಣಿಸುತ್ತದೆ.

ಮಾಸ್ತರರು: ಬೇರೆ ಯಾವುದಾದರೂ ತಾಣದ ಲೆಕ್ಕ ನೋಡಿದ್ದೀಯಾ? ಕೃಷಿಯದ್ದು?

ಶಿಷ್ಯೆ: ನೋಡಿದ್ದೇನೆ. ಕೃಷಿಯ ತಾಣಗಳಲ್ಲಿ ಹುಡುಕಾಟಕ್ಕೂ ಋತುಮಾನವಿದೆ. ಬೀಜ ಕೇಳುವವರು ಮುಂಗಾರಿಗೆ ಮುಂಚೆ ಬರುತ್ತಾರೆ, ರೋಗ ಕೇಳುವವರು ಮಳೆಗಾಲದ ನಡುವೆ, ಅಕ್ಕಿ ಕೇಳುವವರು ಕೊಯ್ಲಿನ ನಂತರ. ನೀವು ಬೀಜದ ಮಾಹಿತಿಯನ್ನು ದೀಪಾವಳಿಗೆ ಏರಿಸುತ್ತೀರಿ, ಬರೆಯಲು ಆಗ ಬಿಡುವಿರುತ್ತದೆ ಎಂದು. ಬರೆಯುವುದು ಯಾವಾಗಲಾದರೂ ಇರಲಿ. ಏಪ್ರಿಲ್ ಬರುತ್ತಿದ್ದ ಹಾಗೆ ಬೀಜದ ಪುಟವನ್ನೆಲ್ಲ ಒಮ್ಮೆ ಓದಿ, ಈ ವರ್ಷ ಬೀಜ ಎಲ್ಲಿ ಸಿಗುತ್ತದೆ ಎಂಬುದನ್ನು ತಿದ್ದಿ, ತಿದ್ದಿದ ದಿನಾಂಕ ಹಾಕಿ. ಬೀಜದ ಹಳೆಯ ವಿಳಾಸ ನಂಬಿ ಹೋದ ರೈತ ಬರಿಗೈಲಿ ಹಿಂತಿರುಗಿದರೆ ಮತ್ತೆ ನಿಮ್ಮ ತಾಣ ತೆರೆಯುವುದಿಲ್ಲ.

ಮಾಸ್ತರರು: ಇದು ಗಜನಿ ಕಟ್ಟೆ ಕಾಯುವ ಹಾಗೆಯೇ ಆಯಿತು. ಕಟ್ಟೆ ಹಾಕಿದವನ ಹೆಸರು ಊರಿಗೆ ಗೊತ್ತಿರುತ್ತದೆ, ಪ್ರತಿ ವರ್ಷ ಏಡಿಯ ತೂತು ಮುಚ್ಚುವವನ ಹೆಸರು ಗೊತ್ತಿರುವುದಿಲ್ಲ. ಆದರೆ ಒಂದು ತೂತು ಬಿಟ್ಟರೆ ಇಡೀ ಬಯಲಿಗೆ ಉಪ್ಪುನೀರು.

ಶಿಷ್ಯೆ: ಹೌದು ಮಾಸ್ತರ್ರೇ. ಅಂಥ ಒಂದು ತೂತು ಈಗಲೇ ಇದೆ. ವಿಳಾಸದ ಪಕ್ಕದಲ್ಲಿ 'ಸುರಕ್ಷಿತವಲ್ಲ' ಎಂದು ಬರುತ್ತಿದೆ. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಇಲ್ಲದ ತಾಣಗಳಿಗೆಲ್ಲ ಕ್ರೋಮ್ 2018ರ ಜುಲೈಯಿಂದ ಹಾಗೆ ತೋರಿಸುತ್ತಿದೆ. ಹೊಸಬರು ಅದನ್ನು ಕಂಡು ಹೆದರಿ ವಾಪಸಾಗುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ, ನಾನು ಹಾಕಿಕೊಡುತ್ತೇನೆ. ಅದು ತಾನೇ ನವೀಕರಣ ಆಗುವಂತೆಯೂ ಮಾಡುತ್ತೇನೆ.

ಮಾಸ್ತರರು: ಫೋಟೊಗಳ ಬಗ್ಗೆ ಹೇಳು. ತೆನೆಯ ಫೋಟೊಗಳನ್ನು ಬಹಳ ಚಂದ ತೆಗೆದಿದ್ದೇನೆ. ಮೊಬೈಲಿನಲ್ಲಿ ತೆರೆದುಕೊಳ್ಳಲು ಮಾತ್ರ ತಡವಾಗುತ್ತದೆ ಎಂದು ಹಲವರು ಹೇಳಿದರು.

ಶಿಷ್ಯೆ: ಕ್ಯಾಮೆರಾದಿಂದ ತೆಗೆದದ್ದನ್ನು ಹಾಗೇ ಏರಿಸಿದ್ದೀರಿ. ಒಂದೊಂದು ಐದಾರು ಎಂಬಿ ಇದೆ, ಒಂದು ಪುಟದಲ್ಲಿ ಅಂಥವು ಎಂಟಿವೆ. ಘಟ್ಟದ ಕೆಳಗೆ ಸಿಗ್ನಲ್ ಒಂದು ಕಡ್ಡಿ ಇರುವವನ ಗತಿ ಏನು? ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಫೋಟೊ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಉಳಿಸಿದರೆ ಹೆಚ್ಚಿನವು ಇನ್ನೂರು ಕೆಬಿಯೊಳಗೆ ಬರುತ್ತವೆ, ಮೊಬೈಲಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರತಿ ಫೋಟೊಗೂ ಒಂದು ಸಾಲಿನ ವಿವರಣೆ ಸೇರಿಸಿ: 'ಕರಿ ಕಗ್ಗದ ತೆನೆ, ಕೊಯ್ಲಿಗೆ ಮುಂಚೆ' ಎಂದು. ಕಣ್ಣು ಕಾಣದವರ ಮೊಬೈಲು ಅದನ್ನೇ ಓದಿ ಹೇಳುತ್ತದೆ. ಮೂಲ ಫೋಟೊಗಳನ್ನು ಬಿಸಾಡಬೇಡಿ. ವಿಕಿಮೀಡಿಯ ಕಾಮನ್ಸ್‌ಗೆ ಕೊಡಿ. ಕನ್ನಡ ವಿಕಿಪೀಡಿಯದಲ್ಲಿ ಯಾರಾದರೂ ಕಗ್ಗದ ಬಗ್ಗೆ ಬರೆದಾಗ ನಿಮ್ಮ ಚಿತ್ರ ಅಲ್ಲಿಗೆ ಹೋಗುತ್ತದೆ.

ಮಾಸ್ತರರು: ವಿಕಿಪೀಡಿಯದಲ್ಲಿ ನಮ್ಮ ತಾಣದ ಲಿಂಕ್ ನಾನೇ ಹಾಕಬಹುದೇ?

ಶಿಷ್ಯೆ: ಹಾಕಬೇಡಿ, ಅದು ಅಲ್ಲಿನ ರೀತಿಯಲ್ಲ. ಹಾಗೆ ಹಾಕಿದ ಲಿಂಕನ್ನು ಲೆಕ್ಕಕ್ಕೆ ಸೇರಿಸಬೇಡಿ ಎಂದು ಗೂಗಲ್‌ಗೆ ಹೇಳುವ ಗುರುತೂ ಅಲ್ಲಿದೆ. ಬದಲಿಗೆ ನೀವು ಬೇರೆಯವರನ್ನು ತೋರಿಸಿ. ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿ ಉಳಿಸಿದ್ದಾರೆ. ರಾಜಮುಡಿಯ ಪುಟದಲ್ಲಿ ಅವರ ಕೆಲಸದ ಬಗ್ಗೆ ಬರೆದು, ಓದಬೇಕಾದ ಕಡೆಗೆ ಲಿಂಕ್ ಕೊಡಿ. ಕೃಷಿ ವಿಶ್ವವಿದ್ಯಾಲಯದ ವರದಿಗಳಿಗೆ ಕೊಡಿ. ಒಂದೇ ವಿಷಯದಲ್ಲಿ ಕೆಲಸ ಮಾಡುವವರು ಒಬ್ಬರನ್ನೊಬ್ಬರು ತೋರಿಸುತ್ತ ಹೋದರೆ ಆ ಕಂಪನಿ ಮಾರುವ ಲಿಂಕುಗಳು ನಿಮಗೆ ಬೇಕಾಗುವುದೇ ಇಲ್ಲ. ನಿಮ್ಮದೇ ಪುಟಗಳೂ ಪರಸ್ಪರ ಮಾತಾಡಲಿ. ಕಗ್ಗದ ಪುಟಕ್ಕೆ ಬಂದವನಿಗೆ ಬೀಜ ಕಾಯ್ದಿಡುವ ಪುಟ ಇದೆಯೆಂದೇ ತಿಳಿಯುವುದಿಲ್ಲ ಈಗ.

ಮಾಸ್ತರರು: ನನಗೆ ಹೆಚ್ಚು ಜನ ಸಿಕ್ಕಿದ್ದು ವಾಟ್ಸ್ಆ್ಯಪ್‌ನಲ್ಲಿ. ಲೇಖನ ಇಡಿಯಾಗಿ ಊರೂರು ಸುತ್ತುತ್ತದೆ. ಒಮ್ಮೆ ನನ್ನದೇ ಬರಹ ಬೇರೆ ಯಾರದೋ ಹೆಸರಿನಲ್ಲಿ ನನಗೇ ಬಂತು.

ಶಿಷ್ಯೆ: ಇಡೀ ಬರಹ ಕಳಿಸಿದರೆ ಹೆಸರು ಉದುರುತ್ತದೆ. ಅಷ್ಟೇ ಅಲ್ಲ, ನೀವು ಆಮೇಲೆ ಮಾಡಿದ ತಿದ್ದುಪಡಿಯೂ ಅವರಿಗೆ ಮುಟ್ಟುವುದಿಲ್ಲ. ಬೀಜೋಪಚಾರದ ಪ್ರಮಾಣ ತಿದ್ದಿದಿರಿ ಅನ್ನಿ, ಹಳೆಯ ಪ್ರಮಾಣವೇ ಸುತ್ತುತ್ತಿರುತ್ತದೆ. ನಾಲ್ಕು ಸಾಲು ಬರೆದು ಕೆಳಗೆ ಲಿಂಕ್ ಕಳಿಸಿ. ಲಿಂಕಿನ ಜೊತೆ ಫೋಟೊ, ಶೀರ್ಷಿಕೆ ಕಾಣುವ ಏರ್ಪಾಡು ಮಾಡಿಕೊಡುತ್ತೇನೆ. ಎಲ್ಲ ಗುಂಪಿಗೂ ಬೇಡ, ಗದ್ದೆ ಇರುವವರ ಗುಂಪಿಗೆ ಸಾಕು.

ಮಾಸ್ತರರು: ಈಗ ಹುಡುಕಿದರೆ ಕೃತಕ ಬುದ್ಧಿಮತ್ತೆಯೇ ಮೇಲೆ ಉತ್ತರ ಬರೆದುಕೊಡುತ್ತದಲ್ಲ. ಇಷ್ಟೆಲ್ಲ ಮಾಡಿದರೂ ಜನ ಅಲ್ಲೇ ಓದಿ ಹೋಗಿಬಿಟ್ಟರೆ?

ಶಿಷ್ಯೆ: ಹೋಗುತ್ತಾರೆ. ಗೂಗಲ್ ಅಂಥ ಉತ್ತರಗಳನ್ನು 2024ರಲ್ಲಿ ಭಾರತದಲ್ಲೂ ಶುರುಮಾಡಿತು. 'ಭತ್ತಕ್ಕೆ ಎಷ್ಟು ನೀರು' ಎಂಬಂಥ ಪ್ರಶ್ನೆಯ ಓದುಗರು ಇನ್ನು ತಾಣಗಳಿಗೆ ಬರುವುದು ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ಆ ಉತ್ತರವೂ ಎಲ್ಲೋ ಬರೆದದ್ದರಿಂದಲೇ ಬರಬೇಕು. ಕಗ್ಗದ ಬಗ್ಗೆ ಓದಬಲ್ಲ ಕನ್ನಡದಲ್ಲಿ ನೀವು ಬರೆದಿಡದಿದ್ದರೆ ಯಂತ್ರ ಎಲ್ಲಿಂದಲೋ ಬೇರೆ ತಳಿಯ ಬೇಸಾಯ ತಂದು ಕಗ್ಗಕ್ಕೆ ಹೇಳುತ್ತದೆ. ಗಜನಿಗೆ ಅದು ಹೊಂದುವುದಿಲ್ಲ. ಸಂಖ್ಯೆ ಇಳಿದರೂ ಬರೆಯುವ ಕಾರಣ ಇಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ.

ಮಾಸ್ತರರು: ನನಗೂ ಹಾಗೇ ಅನಿಸುತ್ತದೆ. ಸರಿ, ಇದೆಲ್ಲ ಆಗುವಾಗ ತಾಣವನ್ನು ಪೂರ್ತಿ ಹೊಸದಾಗಿ ಕಟ್ಟಿಬಿಡೋಣವೇ? ವಿನ್ಯಾಸ ಹಳತಾಯಿತು.

ಶಿಷ್ಯೆ: ಮೊಬೈಲಿಗೆ ಹೊಂದುವ ಹಾಗೆ ವಿನ್ಯಾಸ ಬದಲಿಸೋಣ. ಪುಟಗಳ ವಿಳಾಸ ಮಾತ್ರ ಬದಲಿಸುವುದು ಬೇಡ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಒತ್ತಿ ಬರೆದರು, ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಎಂದು. ಯಾರೋ ಒಬ್ಬ ಪತ್ರಕರ್ತ ನಿಮ್ಮ ಪುಟವನ್ನು ಉಲ್ಲೇಖಿಸಿರುತ್ತಾನೆ, ಒಬ್ಬ ಸಂಶೋಧನಾ ವಿದ್ಯಾರ್ಥಿ ಅಡಿಟಿಪ್ಪಣಿಯಲ್ಲಿ ಕೊಟ್ಟಿರುತ್ತಾಳೆ. ವಿಳಾಸ ಬದಲಾದ ದಿನ ಆ ದಾರಿಗಳೆಲ್ಲ ಮುಚ್ಚುತ್ತವೆ. ಬದಲಿಸಲೇಬೇಕಾದರೆ ಹಳೆಯದನ್ನು ಒತ್ತಿದವರು ತಾವಾಗಿ ಹೊಸದಕ್ಕೆ ಬರುವಂತೆ ಶಾಶ್ವತ ಮರುನಿರ್ದೇಶನ ಹಾಕಬೇಕು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷಗಳಲ್ಲಿ ಸಿಗದಂತಾಗಿದ್ದವು.

ಮಾಸ್ತರರು: ನೂರಕ್ಕೆ ಮೂವತ್ತೆಂಟು! ಶಾಸನ ಕೆತ್ತಿದವರೇ ಬುದ್ಧಿವಂತರು.

ಶಿಷ್ಯೆ: ಅದಕ್ಕೇ ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಶೀನ್‌ಗೆ ನಿಮ್ಮ ಪ್ರತಿ ಪುಟದ ವಿಳಾಸ ಕೊಟ್ಟು ಉಳಿಸಿಡಿ. ನಿಮ್ಮ ಬಳಿಯೂ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ. ಅಂದಹಾಗೆ, ಡೊಮೇನ್ ಯಾರ ಹೆಸರಿನಲ್ಲಿದೆ?

ಮಾಸ್ತರರು: ಮೊದಲು ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ. ಅವನು ಈಗ ಹೊರದೇಶದಲ್ಲಿದ್ದಾನೆ. ಪ್ರತಿ ವರ್ಷ ಅವನೇ ಕಟ್ಟುತ್ತಾನೆ, ಒಳ್ಳೆಯ ಹುಡುಗ.

ಶಿಷ್ಯೆ: ಒಳ್ಳೆಯ ಹುಡುಗನೇ ಇರಬಹುದು. ಅವನ ಕಾರ್ಡಿನ ಅವಧಿ ಮುಗಿದರೆ, ಹಳೆಯ ಇಮೇಲ್ ನೋಡುವುದನ್ನು ಬಿಟ್ಟರೆ, ನವೀಕರಣದ ಸೂಚನೆ ಯಾರಿಗೂ ಸಿಗುವುದಿಲ್ಲ. ಅವಧಿ ಮುಗಿದ ಹೆಸರುಗಳನ್ನೇ ಕಾದು ಕೊಳ್ಳುವವರಿದ್ದಾರೆ. ಹಳೆಯ ತಾಣದ ಒಳ್ಳೆಯ ಹೆಸರಿನ ಮೇಲೆ ಜೂಜಿನ ಪುಟ ಕೂರಿಸುತ್ತಾರೆ. ಆಮೇಲೆ ಕಗ್ಗ ಹುಡುಕಿ ಬಂದ ರೈತನಿಗೆ ಇಸ್ಪೀಟು ಕಾಣುತ್ತದೆ. ಈ ಚರ್ಚೆಯಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದೇ.

ಮಾಸ್ತರರು: ಅವನಿಗೆ ಇವತ್ತೇ ಫೋನ್ ಮಾಡುತ್ತೇನೆ.

ಶಿಷ್ಯೆ: ಮಾಡಿ. ಡೊಮೇನನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ. ಡೊಮೇನ್ ಎಲ್ಲಿ ಕೊಂಡದ್ದು, ಹೋಸ್ಟಿಂಗ್ ಯಾರದ್ದು, ಯಾವ ಇಮೇಲ್, ಯಾವ ತಿಂಗಳು ನವೀಕರಣ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪಾಸ್‌ವರ್ಡುಗಳು ಲಕೋಟೆಯಲ್ಲಿರಲಿ. ಹಾಳೆಯ ಒಂದು ಪ್ರತಿ ನಿಮ್ಮ ಬಳಿ, ಇನ್ನೊಂದು ನಿಮಗಿಂತ ಚಿಕ್ಕ ವಯಸ್ಸಿನ, ಭತ್ತದ ಬಗ್ಗೆ ಕಾಳಜಿ ಇರುವ ಒಬ್ಬರ ಬಳಿ ಇರಬೇಕು.

ಮಾಸ್ತರರು: ಆ ಇನ್ನೊಬ್ಬರು ನೀನೇ ಆಗುತ್ತೀಯಾ?

ಶಿಷ್ಯೆ: ಆಗುತ್ತೇನೆ. ಆದರೆ ನಾನು ಬೆಂಗಳೂರಿನಲ್ಲಿರುವವಳು. ಊರಿನಲ್ಲಿ ಗದ್ದೆಗೆ ಇಳಿಯುವ ಇನ್ನೊಬ್ಬರನ್ನೂ ಹುಡುಕಿ. ಬೀಜ ಎಲ್ಲಿದೆ ಎಂದು ಪ್ರತಿ ಏಪ್ರಿಲ್‌ನಲ್ಲಿ ಪುಟ ತಿದ್ದಬೇಕಾದವರು ಅವರೇ.